ಜಗಲಿ ಇಳಿದ ಜಲತರಂಗ

ಕಿತ್ತೂರಿನಿಂದ ಬಂದ ರೆಕಾರ್ಡು ನೋಡಲಿಕ್ಕೆ ಹೊಸ ಮದುಮಗನಂತಿತ್ತು. ಕಪ್ಪಗೆ ಮಿರಿಮಿರಿ ಮಿಂಚುತ್ತಿತ್ತು, ಅದರ ರಟ್ಟಿನ ಜಾಕೆಟ್ಟಿನ ಮೂಲೆ ಕೂಡ ಮುದುಡಿರಲಿಲ್ಲ. ಬೈಲಹೊಂಗಲದ ನನ್ನ ಕೋಣೆಯಲ್ಲಿ ಅದನ್ನು ಟರ್ನ್‌ಟೇಬಲ್ ಮೇಲಿಟ್ಟು ಮುಳ್ಳು ಇಳಿಸಿದಾಗ ಮೊದಲ ತುಣುಕಿನ ಪಿಟೀಲುಗಳು ಹದವಾಗಿಯೇ ಬಂದವು. ಮುಳ್ಳು ಒಳಗೊಳಗೆ ಸರಿದಂತೆ ದನಿ ಸವೆಯತೊಡಗಿತು. ಎರಡನೆಯ ಬದಿಯ ಕೊನೆಯ ತುಣುಕಿಗೆ ಬರುವ ಹೊತ್ತಿಗೆ ಕೇಳಿಸುತ್ತಿದ್ದುದು ಸಂಗೀತವೋ ಒಗ್ಗರಣೆಯೋ ತಿಳಿಯದಂತಾಗಿತ್ತು.

ಹಳೆಯ ರೆಕಾರ್ಡುಗಳಲ್ಲಿರುವ ಸಂಗೀತವನ್ನು ಕಂಪ್ಯೂಟರಿಗೆ ಇಳಿಸಿ, ಕೊಳೆ ತೆಗೆದು ಕೊಡುವುದು ನನ್ನ ಕಸುಬು. ಹಾಳೂರಿಗೆ ಉಳಿದವನೇ ಗೌಡ ಎಂಬಂತೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳಿಗೆಲ್ಲ ಈ ಕೆಲಸಕ್ಕೆ ನಾನೊಬ್ಬನೇ. ಹಾಗಾಗಿ ನಾನೇ ತಜ್ಞ. ನಮ್ಮದು ಪೌರೋಹಿತ್ಯದ ಮನೆ. ಅಪ್ಪ ಮಂತ್ರ ಕಲಿಸಿದರು, ನಾನು ಬೆಸುಗೆ ಕಡ್ಡಿ ಹಿಡಿದೆ. ಆದರೂ ಜನರ ಬಾಯಲ್ಲಿ ನಾನು ಇವತ್ತಿಗೂ ‘ಆಚಾರ್ರು’. ಮೊದಮೊದಲು ಸಿಟ್ಟು ಬರುತ್ತಿತ್ತು, ಆಮೇಲೆ ಅದಕ್ಕೂ ಬೇಸರ ಬಂತು.

ಈ ಕೆಲಸ ತಂದವರು ರಾಮದುರ್ಗದ ಒಬ್ಬ ಹಿರಿಯರು. ಎಲ್ಲರೂ ಅವರನ್ನು ಕ್ಲಾರಿನೆಟ್ ಕಾಕಾ ಎನ್ನುತ್ತಾರೆ. ಅವರು ಹುಡುಗರಿದ್ದಾಗ ಮುರಗೋಡದ ಒಬ್ಬ ಸಂಗೀತ ಗುರುಗಳು ಈ ಭಾಗದ ಹಳ್ಳಿಗಳಿಂದಲೇ ವಾದಕರನ್ನು ಕೂಡಿಸಿ ಒಂದು ವಾದ್ಯವೃಂದ ಕಟ್ಟಿದ್ದರು. ಪಿಟೀಲು, ಸಿತಾರ, ದಿಲ್‌ರುಬಾ, ಕ್ಲಾರಿನೆಟ್, ಹಾರ್ಮೋನಿಯಂ, ತಬಲಾ, ಜಲತರಂಗ. ನುಡಿಸುತ್ತಿದ್ದುದು ಸಿನಿಮಾ ಹಾಡನ್ನಲ್ಲ, ಶುದ್ಧ ರಾಗಗಳನ್ನು. ಇಡೀ ವೃಂದ ಒಂದೇ ಉಸಿರಿನಲ್ಲಿ. ಒಂದು ಎಲ್‌ಪಿ ರೆಕಾರ್ಡು ಮಾಡಿಸಿ ಬೆರಳೆಣಿಕೆಯಷ್ಟು ಪ್ರತಿ ತೆಗೆಸಿದರು. ಮೂಲ ಟೇಪು ಯಾವತ್ತೋ ಹಾಳಾಗಿದೆ. ಗುರುಗಳೂ ಇಲ್ಲ. ಅವರ ನೆನಪಿಗೆ ರಾಮದುರ್ಗದಲ್ಲಿ ಒಂದು ಕಾರ್ಯಕ್ರಮ ಇಟ್ಟುಕೊಂಡು, ಅವತ್ತು ಈ ರೆಕಾರ್ಡನ್ನು ಹೊಸದಾಗಿ ಎಲ್ಲರ ಕೈಗೂ ಮುಟ್ಟಿಸಬೇಕೆಂಬುದು ಕಾಕಾನ ಹಟ.

ಪ್ರತಿಗಳನ್ನು ಹುಡುಕಿ ತಂದವರೂ ಅವರೇ. ಕಿತ್ತೂರಿನ ಪ್ರತಿ ಒಂದು ಚಹಾದ ಹೋಟೆಲಿನದು. ಮಾಲೀಕರು ಅದನ್ನು ಕಣ್ಣಿನಂತೆ ಒರೆಸಿಟ್ಟಿದ್ದರು ನಿಜ, ಆದರೆ ವರ್ಷಗಟ್ಟಲೆ ಬೆಳಿಗ್ಗೆಯಿಂದ ಸಂಜೆಯವರೆಗೆ ನುಡಿಸಿದ್ದರು. ಅದೂ ಕಲ್ಲಿನಷ್ಟು ಭಾರದ ಮುಳ್ಳಿನಿಂದ. ಮೇಲೆ ಹೊಳಪು, ಒಳಗೆ ಗೆರೆಗಳೆಲ್ಲ ತೇದುಹೋಗಿದ್ದವು. ಇನ್ನೊಂದು ಪ್ರತಿ ಸಾಲಹಳ್ಳಿಯ ಒಂದು ತಗಡಿನ ಮನೆಯ ಅಟ್ಟದಲ್ಲಿದ್ದು, ಬಿಸಿಲಿಗೆ ಹಪ್ಪಳವಾಗಿತ್ತು.

ಮೂರನೆಯದರ ಸುದ್ದಿಯನ್ನು ಕಾಕಾ ನಗುತ್ತಲೇ ಹೇಳಿದ್ದರು.

“ಮನೋಳಿಯೊಳಗ ಇನ್ನೊಂದು ಪ್ಲೇಟು ಐತ್ರಿ ಆಚಾರ್ರ. ಖರೆ ಅದು ಕೆಲಸಕ್ಕ ಬರೂದಿಲ್ಲ. ದೇವರ ಮನಿ ಜಗಲಿ ಮ್ಯಾಲೆ ದೇವರ ಜೋಡಿ ಇಟ್ಟು ಪೂಜಿ ಮಾಡ್ತಾರ.”

“ರೆಕಾರ್ಡಿಗೆ ಪೂಜಾ?”

“ದಸರಾದಾಗ ಖಂಡೇ ಪೂಜಿಗೆ ನಿಮ್ಮ ಮಷೀನಿಗೆ ನೀವು ಕುಂಕುಮ ಹಚ್ಚೂದಿಲ್ಲೇನ್ರಿ? ಅವರದು ವರ್ಷಪೂರ್ತಿ ಖಂಡೇ ಪೂಜಿ.”

ಫೋನಿನಲ್ಲಿ ಚಿತ್ರ ತೋರಿಸಿದರು. ರೆಕಾರ್ಡೆಂದು ಹೇಳಿದರೆ ಮಾತ್ರ ರೆಕಾರ್ಡು. ಸವದತ್ತಿ ಗುಡ್ಡದ ಎಲ್ಲಮ್ಮನ ಭಂಡಾರ, ಅಂದರೆ ಅರಿಶಿಣಪುಡಿ, ಅದರ ಮೇಲೆ ದೀಪದ ಎಣ್ಣೆ, ಮತ್ತೆ ಭಂಡಾರ, ಮತ್ತೆ ಎಣ್ಣೆ. ಹೀಗೆ ಪದರು ಪದರಾಗಿ ಹೋಳಿಗೆಯಂತೆ ಕೂತಿತ್ತು. ಇಂಥದ್ದಕ್ಕೆ ಕೈ ಹಚ್ಚುವ ಹುಚ್ಚು ನನಗಿಲ್ಲ ಎಂದು ಆ ಚಿತ್ರವನ್ನು ಅಲ್ಲಿಗೇ ಬಿಟ್ಟೆ.

ಸಾಲಹಳ್ಳಿಯ ಹಪ್ಪಳವನ್ನು ಎರಡು ದಪ್ಪ ಗಾಜುಗಳ ನಡುವೆ ಇಟ್ಟು, ಹದವಾದ ಶಾಖ ಕೊಟ್ಟು, ನಿಧಾನಕ್ಕೆ ಆರಲು ಬಿಟ್ಟೆ. ಅವಸರ ಮಾಡಿದರೆ ರೆಕಾರ್ಡು ನೆಟ್ಟಗಾಗುತ್ತದೆ, ಗೆರೆ ಕರಗುತ್ತದೆ. ಹಲವು ಸಲ ಹೀಗೆ ಮಾಡಿದ ಮೇಲೆ ಮೊದಲ ಬದಿ ಪೂರ್ತಿ ಸಿಕ್ಕಿತು. ಎರಡನೆಯ ಬದಿಯ ಹೊರಗಿನ ತುಣುಕುಗಳು ಕಿತ್ತೂರಿನ ಪ್ರತಿಯಿಂದ ಬಂದವು. ಉಳಿದದ್ದು ಕೊನೆಯ ತುಣುಕು, ರಾಗ ದುರ್ಗಾ. ಅದರಲ್ಲೇ ಜಲತರಂಗ ಮುಂದೆ, ಇಡೀ ವೃಂದ ಹಿಂದೆ.

ರೆಕಾರ್ಡಿನ ಹೊರಗಿನ ಸುತ್ತು ದೊಡ್ಡದು, ಒಳಗಿನದು ಚಿಕ್ಕದು. ಅಷ್ಟೇ ಹೊತ್ತಿನ ಸಂಗೀತ ಒಳಗೆ ಇಕ್ಕಟ್ಟಿನಲ್ಲಿ ಕೂರಬೇಕು. ಹೀಗಾಗಿ ಭಾರದ ಮುಳ್ಳು ಮೊದಲು ಕೆಡಿಸುವುದು ಒಳಗಿನ ಗೆರೆಗಳನ್ನು, ಅಲ್ಲಿಯೂ ಮೊದಲು ಕೆಡಿಸುವುದು ಚೂಪಾದ ದನಿಗಳನ್ನು. ಪಿಂಗಾಣಿ ಬಟ್ಟಲಿಗೆ ಬಿದಿರುಕಡ್ಡಿ ತಾಗಿದ ದನಿಗಿಂತ ಚೂಪಾದದ್ದು ಆ ವೃಂದದಲ್ಲಿ ಬೇರೆ ಯಾವುದೂ ಇರಲಿಲ್ಲ. ಸಾಲಹಳ್ಳಿಯ ಪ್ರತಿಯಲ್ಲಿ ಆ ಜಾಗದಲ್ಲಿ ಮುಳ್ಳು ಜಿಗಿದು ಲೇಬಲ್ಲಿನ ಮೇಲೆ ಬೀಳುತ್ತಿತ್ತು. ಕಿತ್ತೂರಿನದಕ್ಕೆ ನನ್ನಲ್ಲಿದ್ದ ಮುಳ್ಳುಗಳನ್ನೆಲ್ಲ ಹಾಕಿ ನೋಡಿದೆ. ಹಳೆಯ ಮುಳ್ಳು ಓಡಾಡಿ ಸವೆದ ಎತ್ತರಕ್ಕಿಂತ ಕೆಳಗೆ, ಇನ್ನೂ ಹಸನಾಗಿರುವ ಗೋಡೆಯ ಭಾಗವನ್ನು ಮುಟ್ಟುವ ಸಪೂರ ಮುಳ್ಳೊಂದಿದೆ. ನನ್ನ ಪೆಟ್ಟಿಗೆಯ ರಾಜ ಅದು. ಪಿಟೀಲು, ಕ್ಲಾರಿನೆಟ್ಟು ಸುಧಾರಿಸಿದವು. ಜಲತರಂಗದ ಪ್ರತಿ ಹೊಡೆತಕ್ಕೂ ಚರ್ರ್ ಎಂದು ಹರಿದ ಬಟ್ಟೆಯ ಸದ್ದು. ತೋಳಿನ ಭಾರ ಬದಲಿಸಿದೆ, ಕೋನ ಬದಲಿಸಿದೆ, ಟರ್ನ್‌ಟೇಬಲ್ಲನ್ನೇ ಬೈದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಹೆಂಡತಿ ಚಹಾ ಇಟ್ಟು ಹೋದಳು.

ಅತ್ತ ಕಾಕಾನ ಫೋನು ನಿಲ್ಲುತ್ತಿರಲಿಲ್ಲ. ಕೊನೆಗೆ ಸಿಟ್ಟಿಗೆದ್ದು, ಒರಟು ಸದ್ದನ್ನು ತಾನೇ ಹುಡುಕಿ ಅಳಿಸುವ ಸಾಫ್ಟ್‌ವೇರಿಗೆ ಆ ತುಣುಕನ್ನು ಒಪ್ಪಿಸಿಬಿಟ್ಟೆ. ಅಳಿಸುವ ಬಲವನ್ನೂ ಪೂರ್ತಿ ಏರಿಸಿದೆ. ಬಂದು ಕೇಳಿರೆಂದು ಕಾಕಾನನ್ನು ಕರೆಸಿದೆ.

ಕಾಕಾ ಕಣ್ಣು ಮುಚ್ಚಿ ಕೇಳಿದರು. ಅವರ ಬೆರಳುಗಳು ತೊಡೆಯ ಮೇಲೆ ಕ್ಲಾರಿನೆಟ್ಟಿನ ರಂಧ್ರಗಳನ್ನು ಹುಡುಕುತ್ತಿದ್ದವು. ಮುಗಿದ ಮೇಲೆ, “ಭಾರಿ ಹಸನ ಆಗೇತಿ ಆಚಾರ್ರ. ಒಂದು ಕಸ ಇಲ್ಲ,” ಎಂದರು.

ನನಗೆ ಮೈ ಉರಿಯಿತು. ಕಸದ ಜೊತೆಗೆ ಜಲತರಂಗವೂ ಇರಲಿಲ್ಲ. ಯಂತ್ರಕ್ಕೆ ಬಟ್ಟಲಿನ ಹೊಡೆತವೂ ಒಂದೇ, ಗೀಚು ಬಿದ್ದ ಸದ್ದೂ ಒಂದೇ. ಎರಡೂ ಥಟ್ಟನೆ ಏಳುತ್ತವೆ, ಥಟ್ಟನೆ ಬೀಳುತ್ತವೆ. ಅದು ಸಿಕ್ಕಿದ್ದನ್ನೆಲ್ಲ ಗುಡಿಸಿ ಹಾಕಿತ್ತು. ಹಿಂದೆ ಕೂತ ತಬಲಾ ಇತ್ತು, ಹಾರ್ಮೋನಿಯಂ ಇತ್ತು. ಮುಂದೆ ಕೂತು ನುಡಿಸಿದವರ ಜಾಗ ಖಾಲಿ.

“ಕಾಕಾ, ಜಲತರಂಗ ಎಲ್ಲಿ ಅದ?”

ಅವರಿಗೂ ಗೊತ್ತಾಗಿತ್ತು. “ಹೋಗ್ಲಿ ಬಿಡ್ರಿ. ಮುಂದಿನ ವಾರ ಕಾರ್ಯಕ್ರಮ. ಬೇಕಾರ ಆ ಒಂದು ತುಣಕ ಕೈ ಬಿಡೂಣು. ಜಾಕೆಟ್ ಮ್ಯಾಲೆ ಆಕೀ ಹೆಸರ ಸುದ್ದಾ ಇಲ್ಲ.”

“ಯಾರ ಹೆಸರು?”

ಆಗ ಹೇಳಿದರು. ಜಲತರಂಗ ನುಡಿಸಿದ್ದು ಮುರಗೋಡದ ಒಬ್ಬ ಹುಡುಗಿ. ಗುರುಗಳ ಮನೆಯ ಅಂಗಳದಲ್ಲೇ ಆಡಿ ಬೆಳೆದವಳು. ರೆಕಾರ್ಡಿನ ಜಾಕೆಟ್ಟು ಅಚ್ಚಾಗುವಾಗ ಅವಳಿಗೆ ಗಂಡು ನೋಡುತ್ತಿದ್ದರು. ವಾದ್ಯ ಬಾರಿಸುವ ಹುಡುಗಿಯೆಂದು ಸಂಬಂಧ ತಪ್ಪಬಾರದೆಂದು ಮನೆಯವರು ಹೆಸರು ಬೇಡವೆಂದರು. ಅವಳನ್ನು ಮನೋಳಿಗೆ ಕೊಟ್ಟರು. ಗುರುಗಳು ಮದುವೆಗೆ ಉಡುಗೊರೆಯಾಗಿ ಕೊಟ್ಟ ಪ್ರತಿಯೇ ಈಗ ಜಗಲಿಯ ಮೇಲಿರುವುದು. ವೃಂದದಲ್ಲಿ ಈಗ ಉಳಿದವರು ಕಾಕಾ ಮತ್ತು ಆಕೆ, ಇಬ್ಬರೇ.

“ಆಕೀ ಬಾಜೂಕ ಕುಂತು ಊದೇನಿ ನಾ,” ಎಂದರು ಕಾಕಾ. “ಹೆಂಗ ಬಾರಿಸ್ತಿದ್ಲು ಅನ್ನೂದು ನನಗ ಗೊತ್ತೈತಿ. ಆದ್ರ ಮಾಡೂದೇನು?”

“ದುರ್ಗಾ ಇಲ್ಲದ ನಾ ಏನೂ ಕೊಡೂದಿಲ್ಲ,” ಎಂದೆ. ಕೈಯಲ್ಲಿ ಏನಿತ್ತೆಂದು ಅಂಥ ಮಾತು?

ಬಾಯಿ ಬಿಟ್ಟಾಗಿತ್ತು, ದಾರಿ ಹುಡುಕಲೇಬೇಕಿತ್ತು. ಕಾಕಾನ ಫೋನು ಇಸಿದುಕೊಂಡು ಮನೋಳಿಯ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಒಂದು ಕಡೆ ಭಂಡಾರದ ಚಕ್ಕೆ ಎದ್ದುಹೋಗಿತ್ತು. ಅಲ್ಲಿ ಕಂಡ ಕಪ್ಪು, ಕಿತ್ತೂರಿನ ಪ್ರತಿಯ ಒಳಸುತ್ತಿನ ಹಾಗೆ ಬೂದಿ ಬಣ್ಣಕ್ಕೆ ತಿರುಗಿರಲಿಲ್ಲ. ಗಾಢವಾಗಿತ್ತು.

“ಕಾಕಾ, ಇದನ್ನ ಜಗಲಿ ಮ್ಯಾಲೆ ಎಂದ ಇಟ್ಟಾರ?”

“ಮದುವ್ಯಾಗಿ ಹೋದ ಹೊಸತಾಗೇ.”

“ಆಮ್ಯಾಲೆ ಒಮ್ಮೆರ ಹಚ್ಚಿ ಕೇಳ್ಯಾರೇನು?”

“ಏನ ಮಾತಾಡ್ತೀರಿ ಆಚಾರ್ರ. ದೇವರ ಮ್ಯಾಲೆ ಮುಳ್ಳು ಯಾರ ಇಡ್ತಾರ?”

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಮುಳ್ಳೇ ಇಡದ ರೆಕಾರ್ಡು! ಕಿತ್ತೂರಿನ ಪ್ರತಿಯನ್ನು ಕೆಡಿಸಿದ್ದು ಕೊಳೆಯಲ್ಲ, ಪ್ರೀತಿಯಿಂದ ಮತ್ತೆ ಮತ್ತೆ ಕೇಳಿದ ಕಿವಿಗಳು. ಇದನ್ನು ಯಾರೂ ಕೇಳಿರಲಿಲ್ಲ. ಆ ಹೋಳಿಗೆಯ ಕೆಳಗೆ ಹೊಚ್ಚಹೊಸ ಗೆರೆಗಳಿರಬೇಕು.

ಮಾರನೆಯ ದಿನ ಟರ್ನ್‌ಟೇಬಲ್ಲು, ಲ್ಯಾಪ್‌ಟಾಪು, ತೊಳೆಯುವ ಸಾಮಾನು ಎಲ್ಲವನ್ನೂ ಕಾರಿನ ಹಿಂದಿನ ಸೀಟಿಗೆ ಹಾಸಿಗೆ ಹಾಸಿ ಕೂರಿಸಿಕೊಂಡು ಕಾಕಾನ ಜೊತೆ ಮನೋಳಿಗೆ ಹೊರಟೆ. ಜಗಲಿಯ ವಸ್ತು ಮನೆಯ ಹೊಸ್ತಿಲು ದಾಟುವುದಿಲ್ಲವೆಂದು ಮನೋಳಿಯ ಮನೆಯವರು ಫೋನಿನಲ್ಲೇ ಹೇಳಿದ್ದರು. ಪ್ಲೇಟು ಬರದಿದ್ದರೆ ಮಷೀನೇ ಹೋಗಲಿ ಎಂದುಕೊಂಡೆ. ಹೊಳೆಯ ಕಡೆಯಿಂದ ತಣ್ಣನೆ ಗಾಳಿ ಬರುತ್ತಿತ್ತು. ನನಗೆ ಮಾತ್ರ ಬೆವರು.

ಮನೆಯ ಯಜಮಾನಿ ಪಡಸಾಲೆಯಲ್ಲಿ ಕೂತಿದ್ದರು. ಬೆಳ್ಳಗಿನ ತಲೆ, ನೆಟ್ಟಗಿನ ಬೆನ್ನು. ಸೊಸೆ ನೀರು ತಂದುಕೊಟ್ಟಳು. ಕಾಕಾನನ್ನು ನೋಡಿ ಆಕೆ, “ಏನೋ ಪೀಪಿ, ಮುದುಕ ಆದಿ,” ಎಂದಾಗ ರಾಮದುರ್ಗದ ಗಣ್ಯರು ಹುಡುಗನಂತೆ ನಾಚಿದರು.

ನಾನು ಬಂದ ಕೆಲಸ ಹೇಳಿದೆ. ಬೇರೆ ಪ್ರತಿಗಳಲ್ಲಿ ಅವರ ಜಲತರಂಗ ಉಳಿದಿಲ್ಲವೆಂಬುದನ್ನೂ ಮುಚ್ಚಿಡಲಿಲ್ಲ.

“ನಮ್ಮತ್ತಿ ಕೆಟ್ಟಾಕಿ ಅಲ್ರಿ,” ಎಂದು ಆಕೆ ಶುರುಮಾಡಿದರು. “ಬಾರಿಸಬ್ಯಾಡ ಅಂತ ಬೈಲಿಲ್ಲ, ಪ್ಲೇಟು ಒಡೀಲಿಲ್ಲ. ‘ನಮ್ಮನಿಗೆ ಸರಸ್ವತಿ ಬಂದಾಳ’ ಅಂತ ಅಂದು ಜಗಲಿ ಮ್ಯಾಲೆ ಇಟ್ಟು ಭಂಡಾರ ಹಚ್ಚಿದ್ಲು. ಮುಗೀತು. ಜಗಲಿ ಮ್ಯಾಲಿಂದನ್ನ ಯಾರ ಮುಟ್ಟವ್ರು? ಬಟ್ಟಲಾ ಮಸರಿಗೆ, ಉಪ್ಪಿನಕಾಯಿಗೆ ಹ್ವಾದು. ಒಂದೊಂದ ಒಡದೂ ಹ್ವಾದು.”

“ಅತ್ತಿ ಹೋದಮ್ಯಾಲೆ ನೀವರ ತಗೀಬಹುದಿತ್ತಲ್ಲ ಅವ್ವಾರ?”

“ಮೊದಲ ಅಂಜಿಕಿ, ಆಮ್ಯಾಲೆ ರೂಢಿ. ಪ್ರತಿ ವರ್ಷ ನಾನ ನನ್ನ ಕೈಲೆ ಭಂಡಾರ ಏರಿಸ್ಕೊಂತ ಬಂದೇನ್ರಿ.” ದನಿ ತಗ್ಗಿಸಿ ಹೇಳಿದರು: “ಪ್ಲೇಟು ಬಂದಾಗ ಗುರುಗಳ ಮನ್ಯಾಗ ಒಮ್ಮೆ ಕೇಳಿದ್ದು ಅಷ್ಟ. ನಾ ಛಲೋ ಬಾರಿಸ್ತಿದ್ದೆ ಅನ್ನೂದು ಈ ಮನ್ಯಾಗ ನನಗೊಬ್ಬಾಕಿಗೆ ಗೊತ್ತಿತ್ತು. ಈಗ ನನಗೂ ಖಾತ್ರಿ ಇಲ್ಲ. ಸುಳ್ಳ ಅಂದ್ಕೊಂಡೇನೇನೋ ಅನಸ್ತೈತಿ.”

ಆ ಮಾತು ಕೇಳಿ ರಾಮದುರ್ಗದ ಕಾರ್ಯಕ್ರಮ, ನನ್ನ ಹಟ ಎಲ್ಲ ಹಿಂದೆ ಸರಿದವು. ಈ ಹೆಣ್ಣುಮಗಳಿಗೆ ಅವರ ಕೈಯನ್ನು ಅವರಿಗೇ ತೋರಿಸಬೇಕು, ಅಷ್ಟೇ ಉಳಿಯಿತು.

ಆದರೆ ಇಳಿಸೋಣವೆಂದರೆ ಆಕೆ ಒಪ್ಪಲಿಲ್ಲ. ಎಲ್ಲಮ್ಮನ ಭಂಡಾರ ಏರಿದ್ದನ್ನು ಸಾಬೂನು ಹಾಕಿ ತೊಳೆದರೆ ಮನೆಗೆ ಏನಾದರೂ ಆದೀತು, ಮಗ ಹಾದಿಯ ಮೇಲೆ ಗಾಡಿ ಓಡಿಸುವವನು, ಎಂದರು. ನನ್ನ ಮೂಗಿನ ತುದಿಯ ಸಿಟ್ಟು ಹೊರಗೆ ಬರಲು ತಯಾರಾಗಿತ್ತು. ದೇವಿ ಅಷ್ಟು ಸಣ್ಣ ಮನಸ್ಸಿನವಳೇನು ಎಂದು ಕೇಳುವವನಿದ್ದೆ. ಅಷ್ಟರಲ್ಲಿ, ಬೇಡವೆಂದು ಬಿಟ್ಟುಬಂದ ಅಪ್ಪನ ಪಾಠವೊಂದು ತಲೆಗೆ ಬಂತು.

“ಅವ್ವಾರ, ಕರದ ದೇವರನ್ನ ಕಳಸೂ ಪದ್ಧತೀನೂ ಅದ. ಗಣಪತಿ ಕೂಡಸ್ತೀರಿ, ಕಳಸೂದಿಲ್ಲೇನು? ಉತ್ತರ ಪೂಜಾ ಮಾಡಿ, ಅಕ್ಷತಾ ಹಾಕಿ, ಹೋಗಿ ಬಾ ತಾಯಿ ಅಂದ್ರ ಆಕಿ ಜಗಲಿಯೊಳಗ ಉಳೀತಾಳ. ಕೈಯಾಗ ಬರೇ ಪ್ಲೇಟು ಬರ್ತದ.”

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಮತ್ತ ಮಾಡವ್ರ ಯಾರು? ನೀವು ಆಚಾರ್ರಂತಲ್ಲ?”

ಕಾಕಾ ಬಾಯಿಗೆ ಟವೆಲು ಒತ್ತಿಕೊಂಡರು, ನಗು ತಡೆಯಲು. ಅಪ್ಪನಿಂದ ತಪ್ಪಿಸಿಕೊಂಡವನು ಮನೋಳಿಯಲ್ಲಿ ಸಿಕ್ಕಿಬಿದ್ದೆ. ಸೊಸೆ ಬಚ್ಚಲು ತೋರಿಸಿದಳು. ಸ್ನಾನ ಮಾಡಿ, ಅವರು ಕೊಟ್ಟ ಮಡಿಪಂಚೆ ಸುತ್ತಿಕೊಂಡು ಜಗಲಿಯ ಮುಂದೆ ಕೂತೆ. ಮರೆತಿದ್ದೇನೆಂದುಕೊಂಡಿದ್ದ ಮಂತ್ರಗಳು ಒಂದರ ಬಾಲ ಒಂದು ಹಿಡಿದು ಬಂದವು. ದೀಪ, ನೈವೇದ್ಯ, ಆರತಿ ಆದವು. ಬೀಳ್ಕೊಡುವ ಶ್ಲೋಕ ಹೇಳಿ ನಾನು ಕೈ ಚಾಚಿದಾಗ ಆಕೆ ತಡೆದರು.

“ಮಂತ್ರ ನೀವು ಹೇಳಿದ್ರಿ. ತಗಿಯೂದು ನಾ ತಗೀತೇನಿ.”

ಅಕ್ಷತೆ ಹಾಕಿ, ವಿಸರ್ಜನೆಯ ಪದ್ಧತಿಯಂತೆ ರೆಕಾರ್ಡನ್ನು ಒಂದಿಷ್ಟು ಉತ್ತರಕ್ಕೆ ಸರಿಸಿ, ಎರಡೂ ಕೈಯಲ್ಲಿ ಎತ್ತಿಕೊಂಡರು. ಹಿಡಿದ ರೀತಿ ನೋಡಿ ಬೆರಗಾದೆ. ಗೆರೆಗಳಿಗೆ ಬೆರಳು ತಾಗದಂತೆ, ಅಂಚನ್ನಷ್ಟೇ ಅಂಗೈಗಳ ನಡುವೆ ಹಿಡಿದಿದ್ದರು. ಗುರುಗಳು ಹಾಗೆ ಹಿಡಿಯಲು ಹೇಳಿಕೊಟ್ಟಿದ್ದರಂತೆ.

ಪಡಸಾಲೆಯಲ್ಲಿ ಬಿಳಿ ಬಟ್ಟೆ ಹಾಸಿ ತೊಳೆಯಲು ಕೂತೆವು. ನಡುವಿನ ಕಾಗದದ ಲೇಬಲ್ಲಿಗೆ ನೀರು ತಾಗದಂತೆ ರಬ್ಬರಿನ ಮುಚ್ಚಳ ಬಿಗಿದೆ. ನನ್ನ ಮೃದು ಕುಂಚವನ್ನು ಗೆರೆ ಹರಿದ ದಿಕ್ಕಿಗೇ ಆಡಿಸಬೇಕು, ಅಡ್ಡ ಎಳೆದರೆ ಕೆಟ್ಟಿತು. ಉಜ್ಜಲೂಬಾರದು, ಗಟ್ಟಿಯಾದ ಪುಡಿ ಗೆರೆಯ ಗೋಡೆ ಗೀಚುತ್ತದೆ. ಮೊದಲು ಎಣ್ಣೆ ಬಿಡಲಿ ಎಂದು ತಿಳಿಯಾದ ಸೋಪಿನ ನೀರು ಹನಿಸಿ ನೆನೆಯಲು ಬಿಟ್ಟೆ. ಸ್ವಲ್ಪ ಹೊತ್ತಿಗೆ ಹಳದಿಯೆಲ್ಲ ಕೆಂಪಾಯಿತು.

“ಅಯ್ಯ ಯವ್ವಾ, ಭಂಡಾರ ಕುಂಕುಮ ಆತು!” ಎಂದು ಸೊಸೆ ಕೈ ಮುಗಿದಳು.

ಸುಮ್ಮನಿದ್ದರೆ ನನ್ನ ಕೆಲಸ ಹಗುರಾಗುತ್ತಿತ್ತು. ಆದರೆ ಆಕೆಯನ್ನು ಮೋಸಮಾಡಿ ಒಪ್ಪಿಸುವುದು ಬೇಡವೆನಿಸಿ, “ಇದು ಪವಾಡ ಅಲ್ರಿ ಅವ್ವಾರ, ಸೋಪಿನ ಗುಣ,” ಎಂದೆ.

“ಗೊತ್ತೈತ್ರಿ ನನಗ,” ಎಂದು ಆಕೆ ಮೊದಲ ಸಲ ನಕ್ಕರು. “ಸೀರಿಗೆ ಬಿದ್ದ ಅರಿಷಿಣಕ್ಕ ಸಾಬೂನ ಹಚ್ಚಿ ಹಚ್ಚಿ ಮುದುಕಿ ಆಗೇನಿ. ಆದ್ರೂ ಕೆಂಪ ಆತಲ್ಲ, ಛಲೋ ಕಾಣ್ತೈತಿ. ನೀವು ತೊಳೀರಿ.”

ತೊಳೆದ ನೀರು ಒಂದು ಹನಿಯೂ ತುಳಿತಕ್ಕೆ ಸಿಗಬಾರದೆಂದು ಬೋಗುಣಿಯಲ್ಲಿ ಹಿಡಿದು, ತಾವೇ ಒಯ್ದು ಹಿತ್ತಲ ತೆಂಗಿನ ಬುಡಕ್ಕೆ ಹಾಕಿಬಂದರು. ಎಣ್ಣೆ ಬಿಟ್ಟ ಮೇಲೆ ಉಳಿದ ಬಣ್ಣಕ್ಕೆ ಸ್ಪಿರಿಟ್ ಬೆರೆಸಿದ ನೀರು. ಕೊನೆಗೆ ಭಟ್ಟಿ ಇಳಿಸಿದ ಶುದ್ಧ ನೀರು. ದೀಪದ ಕಡೆಗಿದ್ದ ಅಂಚು ಕಾವಿಗೆ ಕೊಂಚ ಸೊಟ್ಟಗಾಗಿತ್ತು, ಆದರೆ ಹೊರಗಿನ ತುಣುಕು ನನಗೆ ಬೇಕಿರಲಿಲ್ಲ. ಒಳಸುತ್ತು ಕಾಡಿಗೆಯಂತೆ ಕಪ್ಪಾಗಿ ನಿಂತಿತು. ಪಾತ್ರೆ ಇಡುವ ಸ್ಟ್ಯಾಂಡಿನಲ್ಲಿ ಒಣಗಲು ನಿಲ್ಲಿಸಿದೆವು.

ಇನ್ನೇನು ಗೆದ್ದೆ ಎಂದುಕೊಂಡು ಮುಳ್ಳು ಇಳಿಸಿದರೆ ಕಿವಿಯ ಹೆಡ್‌ಫೋನಿನಲ್ಲಿ ಗುಡುಗು. ಪಕ್ಕದಲ್ಲಿ ಹಿಟ್ಟಿನ ಗಿರಣಿ! ಅದರ ನಡುಕ ನೆಲದಿಂದ ಮೇಜಿಗೆ, ಮೇಜಿನಿಂದ ಮುಳ್ಳಿಗೆ ಏರುತ್ತಿತ್ತು. ಮಡಚಿದ ಕೌದಿಗಳನ್ನು ಕೆಳಗಿಟ್ಟೆ, ಸೈಕಲ್ ಟ್ಯೂಬಿಗೆ ಗಾಳಿ ತುಂಬಿ ಇಟ್ಟೆ. ಗುಡುಗು ಕಡಿಮೆಯಾಯಿತೇ ಹೊರತು ಹೋಗಲಿಲ್ಲ. ಗಿರಣಿಯವರನ್ನು ನಿಲ್ಲಿಸಿರೆಂದು ಕೇಳಲು ಎದ್ದಾಗ ಸೊಸೆ, “ಮಧ್ಯಾಹ್ನ ಕರೆಂಟ್ ಹೋಗ್ತೈತ್ರಿ, ತಾನ ನಿಂದರ್ತೈತಿ,” ಎಂದಳು. ನನ್ನ ಟರ್ನ್‌ಟೇಬಲ್ಲು ಬ್ಯಾಟರಿಯ ಮೇಲೂ ನಡೆಯುತ್ತದೆ. ಕರೆಂಟು ಹೋಗಲೆಂದು ದೇವರಲ್ಲಿ ಬೇಡಿಕೊಂಡವನು ಆ ಇಡೀ ಊರಲ್ಲಿ ನಾನೊಬ್ಬನೇ ಇರಬೇಕು.

ಹೋಯಿತು. ಗಿರಣಿ ನಿಂತಿತು, ಫ್ಯಾನು ನಿಂತಿತು, ಊರೇ ಉಸಿರು ಹಿಡಿದಂತಾಯಿತು. ಮೊದಲ ಸುತ್ತಿನಲ್ಲಿ ಮುಳ್ಳಿನ ಮುಂದೆ ಹಳದಿ ಪುಡಿ ಏಳುತ್ತ ಬಂತು. ಗೆರೆಯ ತಳದಲ್ಲಿ ಉಳಿದಿದ್ದ ಭಂಡಾರ. ನಿಲ್ಲಿಸಿ, ಮತ್ತೆ ತೊಳೆದು, ಒಣಗಿಸಿ, ಮತ್ತೆ ಇಟ್ಟೆ. ಕರೆಂಟು ಬರುವುದರೊಳಗೆ ಮುಗಿಯಬೇಕಿತ್ತು.

ಮೊದಲು ತಂಬೂರಿ ಬಂತು ಅನ್ನಿಸಿತು, ಆಮೇಲೆ ಹಾರ್ಮೋನಿಯಂ. ಆಮೇಲೆ ಟಿಣ್ ಎಂದು ಒಂದೇ ಒಂದು ಬಟ್ಟಲು. ಹರಿಯಲಿಲ್ಲ, ಚರ್ರೆನ್ನಲಿಲ್ಲ. ಕಡ್ಡಿ ತಾಗಿದ್ದು, ದನಿ ಎದ್ದದ್ದು, ಬಟ್ಟಲೊಳಗಿನ ನೀರು ಅಲುಗಿ ಸ್ವರ ಚೂರು ಬಾಗಿದ್ದು, ಎಲ್ಲ ಬೇರೆಬೇರೆಯಾಗಿ ಕೇಳಿಸಿತು. ನನ್ನ ಕಣ್ಣಲ್ಲಿ ನೀರು ಬಂತು, ನಾಚಿಕೆಯೇನೂ ಇಲ್ಲ. ಲಯ ಏರಿದಾಗ ಎರಡೇ ಕೈ ಎನ್ನುವಂತಿರಲಿಲ್ಲ. ಇಡೀ ವೃಂದವನ್ನು ಆ ಹುಡುಗಿ ಕೈಹಿಡಿದು ಎಳೆದುಕೊಂಡು ಓಡುತ್ತಿದ್ದಳು. ಎಲ್ಲಿಯೂ ಒಂದು ಹೊಡೆತ ತಪ್ಪಿರಲಿಲ್ಲ.

ಸ್ಪೀಕರ್ ಹಚ್ಚಿದರೆ ಅದರ ಅದುರು ಮುಳ್ಳಿಗೆ ತಾಗುತ್ತದೆಂದು ದನಿ ನನ್ನ ಹೆಡ್‌ಫೋನಿನಲ್ಲಷ್ಟೇ ಇತ್ತು. ಆಕೆ ಎದುರು ಕೂತು ತಿರುಗುವ ರೆಕಾರ್ಡನ್ನು ನೋಡುತ್ತಿದ್ದರು. ಮುಗಿದ ಮೇಲೆ ಹೆಡ್‌ಫೋನ್ ಚಾಚಿದೆ.

“ಈಗ ಬ್ಯಾಡ್ರಿ. ಹಸನ ಮಾಡ್ಕೊಂಡು ತರ್ರಿ,” ಎಂದು ಆಕೆ ಹಿಂದೆ ಸರಿದರು. ಆ ಹಿಂಜರಿಕೆ ನನಗೆ ಅರ್ಥವಾಯಿತು.

ಬೈಲಹೊಂಗಲಕ್ಕೆ ಬಂದು ಆ ತುಣುಕನ್ನು ಯಾವ ಯಂತ್ರಕ್ಕೂ ಒಪ್ಪಿಸಲಿಲ್ಲ. ಪರದೆಯ ಮೇಲೆ ದನಿಯ ಅಲೆಗಳನ್ನು ಅಗಲಕ್ಕೆ ಹಿಗ್ಗಿಸಿ ಒಂದೊಂದೇ ಚಟಪಟವನ್ನು ಕೈಯಿಂದ ತೆಗೆದೆ. ಗೀಚಿನ ಸದ್ದು ಎದ್ದಲ್ಲೇ ಸಾಯುತ್ತದೆ, ಬಟ್ಟಲಿನ ದನಿಗೆ ಹಿಂದೊಂದು ಬಾಲವಿರುತ್ತದೆ, ಬಾಲವಿದ್ದದ್ದನ್ನು ಮುಟ್ಟಬಾರದು. ಅನುಮಾನ ಬಂದಲ್ಲಿ ಕಸವನ್ನೇ ಉಳಿಸಿದೆ. ಅಕ್ಕಿಯಲ್ಲಿ ಕಲ್ಲು ಆರಿಸಿದಂಥ ಕೆಲಸ, ಕತ್ತು ಹಿಡಿದುಕೊಂಡಿತು. ನನ್ನ ಕೈಯಿಂದ ಇದಕ್ಕಿಂತ ಒಳ್ಳೆಯ ಕೆಲಸ ಆಗಿಲ್ಲ, ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಕಾಕಾ ಈ ಸಲ ಫೋನು ಮಾಡಿದ್ದು ಅವಸರಿಸಲಿಕ್ಕಲ್ಲ. “ಹೊಸ ಕವರಿನ ಮ್ಯಾಲೆ ಮೊದಲ ಆಕೀ ಹೆಸರ ಹಾಕಸೇನ್ರಿ, ಗುರುಗಳ ಹೆಸರಿನ ಕೆಳಗ,” ಎಂದರು.

ಕಾರ್ಯಕ್ರಮಕ್ಕೆ ಮೊದಲು ಅದು ಮನೋಳಿಯಲ್ಲೇ ಕೇಳಿಸಬೇಕೆಂದು ಇಬ್ಬರೂ ಹೋದೆವು. ಪಡಸಾಲೆಯಲ್ಲಿ ಸ್ಪೀಕರ್ ಇಟ್ಟೆ. ಆಕೆ ಗೋಡೆಗೆ ಒರಗದೆ ಕೂತರು. ಸೊಸೆ ಒಲೆ ಆರಿಸಿ ಬಂದಳು, ಮಗ ಗಾಡಿ ಬಿಟ್ಟು ಬಂದಿದ್ದ. ಮೊದಲ ಬಟ್ಟಲು ದನಿಗೊಟ್ಟಾಗ ಆಕೆಯ ಮುಖದಲ್ಲಿ ಏನೂ ಕಾಣಲಿಲ್ಲ. ನೆಲ ನೋಡುತ್ತಲೇ ಇದ್ದರು. ಲಯ ಏರಿತು. ಮಗ ತಾಯಿಯನ್ನೇ ನೋಡುತ್ತಿದ್ದ, ಈಗಷ್ಟೇ ಪರಿಚಯವಾದವರನ್ನು ನೋಡುವ ಹಾಗೆ.

ನಡುವೆ ಆಕೆ ತಲೆ ಎತ್ತಿದರು. “ಇನ್ನೊಂದೀಟ ಜೋರ ಮಾಡ್ರಿ,” ಎಂದರು. ಮಾಡಿದೆ. “ಇನ್ನೂ,” ಎಂದರು. ಆಮೇಲೆ ಸೊಸೆಗೆ, “ಬೀದಿ ಬಾಗಲಾ ತಗಿಯವ್ವ. ಪೂರ್ತಿ ತಗಿ.”

ಬಾಗಿಲು ತೆರೆಯಿತು. ಜಲತರಂಗ ಬೀದಿಗಿಳಿಯಿತು. ಕೊಡ ಹೊತ್ತು ಹೋಗುತ್ತಿದ್ದ ಎದುರುಮನೆಯ ಹೆಣ್ಣುಮಗಳು ಹೊಸ್ತಿಲಲ್ಲಿ ನಿಂತು ಒಳಗೆ ಇಣುಕಿದಳು.

“ಎಷ್ಟ ಛಂದ ಐತ್ರಿ ಅಜ್ಜಿ! ಯಾರ ಬಾರಿಸಾಕತ್ತವ್ರು?”

“ನಾನು,” ಎಂದರು ಆಕೆ. “ಕೊಡ ಇಳಿಸಿ ಕುಂದರು, ಇನ್ನೂ ಮುಗದಿಲ್ಲ.”